ಕ್ಯಾಮೆರಾ ಆಮೇಲೆ, ಮೊದಲು ರೋಲಿನ ಲೆಕ್ಕ

ಹಳೆಯ ರೋಲ್ ಕ್ಯಾಮೆರಾ ಕೊಳ್ಳುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬರೆದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ಮನೆಯಲ್ಲಿ ರೋಲ್ ತೊಳೆಸಿ ಆಲ್ಬಂಗೆ ಅಂಟಿಸುವ ಕಾಲ ಮುಗಿದ ಮೇಲೆ ಬೆಳೆದವರು. ಅದು ನನಗೆ ತುಂಬಾ ಖುಷಿ ಕೊಟ್ಟಿತು. ಎಲ್ಲಕ್ಕೂ ಉತ್ತರ ಬರೆಯಲು ಜಾಗ ಇಲ್ಲ, ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಕೆಲವನ್ನು ಆರಿಸಿದ್ದೇನೆ. ಹೆಸರು ಬೇಡ ಅಂತ ಹಲವರು ಕೇಳಿದ್ದರಿಂದ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಇಲ್ಲಿವರೆಗೆ ಫೋನಿನಲ್ಲಿ ಮಾತ್ರ ಫೋಟೋ ತೆಗೆದಿದ್ದು. ರೋಲ್ ಕ್ಯಾಮೆರಾದಲ್ಲಿ ಕಲಿಯಬೇಕು ಅಂತ ಆಸೆ. ಮಕ್ಕಳಿಗೆ ಟ್ಯೂಷನ್ ಹೇಳಿ 15,000 ರೂಪಾಯಿ ಕೂಡಿಟ್ಟಿದ್ದೇನೆ. ಮೂರು ಕ್ಯಾಮೆರಾ ನೋಡಿದ್ದೇನೆ. ಪೆಂಟಾಕ್ಸ್ ಕೆ1000, 50 ಎಂಎಂ ಲೆನ್ಸ್ ಸೇರಿ 11,000. ನಿಕಾನ್ ಎಫ್‌ಎಂ10, ಅದರದೇ ಝೂಮ್ ಲೆನ್ಸ್ ಸೇರಿ 8,500. ಕ್ಯಾನನ್ ಎಇ-1 ಪ್ರೋಗ್ರಾಂ 14,000. ಯಾವುದು ತಗೊಳ್ಳಲಿ ಸರ್?
— ಓದುಗರೊಬ್ಬರು, ತುಮಕೂರು

ಉತ್ತರ: ನೀವೇ ದುಡಿದು ಕೂಡಿಟ್ಟ ದುಡ್ಡು, ಹಾಗಾಗಿ ಮೊದಲು ದುಡ್ಡಿನ ಮಾತೇ ಆಡೋಣ. ಕ್ಯಾಮೆರಾಗೆ ಖರ್ಚು ಒಂದೇ ಸಲ. ರೋಲಿಗೆ ಪ್ರತಿ ಸಲ. ಇದನ್ನು ಹೊಸಬರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರೋಲ್, ಅದನ್ನು ತೊಳೆಸುವುದು (ಅಂದರೆ ರಸಾಯನದಲ್ಲಿ ಹಾಕಿಸಿ ಚಿತ್ರ ಮೂಡಿಸುವುದು), ಸ್ಕ್ಯಾನ್ ಮಾಡಿಸುವುದು, ಲ್ಯಾಬಿಗೆ ಕೊರಿಯರ್ ಕಳಿಸುವುದು ಎಲ್ಲ ಸೇರಿ 1,440 ರೂಪಾಯಿ ಆಯಿತು ಅಂತ ಇಟ್ಟುಕೊಳ್ಳಿ. 36 ಫೋಟೋಗೆ ಹಂಚಿದರೆ ಒಂದೊಂದಕ್ಕೆ 40 ರೂಪಾಯಿ. ನಿಮ್ಮೂರಿನ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಕೊಳ್ಳುವ ಮೊದಲೇ ಒಂದು ಲ್ಯಾಬಿಗೆ ಫೋನ್ ಮಾಡಿ ದರ ಕೇಳಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಈಗ ನಿಮ್ಮ ಮೂರು ಕ್ಯಾಮೆರಾ ನೋಡೋಣ. ಎಇ-1 ಪ್ರೋಗ್ರಾಂ ತಗೊಂಡರೆ ಕೈಯಲ್ಲಿ 1,000 ರೂಪಾಯಿ ಉಳಿಯುತ್ತದೆ, ಅದರಲ್ಲಿ ಒಂದು ರೋಲೂ ಮುಗಿಯುವುದಿಲ್ಲ. ಕೆ1000 ತಗೊಂಡರೆ ಎರಡು ರೋಲ್. ಎಫ್‌ಎಂ10 ತಗೊಂಡರೆ ನಾಲ್ಕು ರೋಲ್, ಸೆಲ್ಲು ಮತ್ತು ಬೆಲ್ಟಿಗೂ ಒಂದಿಷ್ಟು ಮಿಗುತ್ತದೆ. ಎರಡು ರೋಲಿನಲ್ಲಿ ಕಲಿಯುವುದು ಕಷ್ಟ. ಮೊದಲನೇ ರೋಲು ಫೋಕಸ್ ಹಿಡಿಯುವುದಕ್ಕೇ ಹೋಗುತ್ತದೆ. ಎರಡನೆಯದರಲ್ಲಿ ಬೆಳಕು ಅಳೆಯುವ ಲೈಟ್ ಮೀಟರ್ ಏನು ಹೇಳುತ್ತಿದೆ ಅಂತ ಅರ್ಥ ಆಗಲು ಶುರುವಾಗುತ್ತದೆ. ಮೂರು, ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ನೀವು ಬೆಳಕನ್ನು ನೋಡುತ್ತಿರುತ್ತೀರಿ. ಅಲ್ಲಿವರೆಗೆ ದುಡ್ಡು ಬೇಕು, ಅಲ್ವಾ? ಹಾಗಾಗಿ ಮೂರೂ ಸರಿಯಾದ ಸ್ಥಿತಿಯಲ್ಲಿದ್ದರೆ ನಾನು ಎಫ್‌ಎಂ10 ಅನ್ನುತ್ತೇನೆ.

ಕೆ1000 ಕಡಿಮೆಯದೇನಲ್ಲ. 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ ಅದು, ಹೊರದೇಶಗಳಲ್ಲಿ ಎಷ್ಟೋ ಫೋಟೋಗ್ರಫಿ ತರಗತಿಗಳಲ್ಲಿ ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದುದು ಅದನ್ನೇ. ಒಳಗೆ ಎಲ್ಲವೂ ಯಂತ್ರ, ಒಂದೇ ಒಂದು ಎಲ್‌ಆರ್44 ಬಟನ್ ಸೆಲ್ ಬೇಕು, ಅದೂ ಲೈಟ್ ಮೀಟರಿಗೆ ಮಾತ್ರ. ಸೆಲ್ ಸತ್ತರೂ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಪರದೆ, ಹೊಡೆಯುತ್ತದೆ. ಅದರ ಮೀಟರಿಗೆ ಆಫ್ ಸ್ವಿಚ್ ಇಲ್ಲ. ಕೆಲಸ ಮುಗಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಸೆಲ್ ಸುಮ್ನೆ ಖಾಲಿಯಾಗುತ್ತದೆ. ಎಫ್‌ಎಂ10 ಅದಕ್ಕಿಂತ ಹೊಸದು, 1995ರಲ್ಲಿ ಬಂದಿದ್ದು. ಹೆಸರು ನಿಕಾನ್, ಮಾಡಿಕೊಟ್ಟಿದ್ದು ಜಪಾನಿನ ಕೊಸಿನಾ. ಮೈ ಪ್ಲಾಸ್ಟಿಕ್, ಹಿಡಿದರೆ ಹಗುರ. ಅದಕ್ಕೇ ಅದನ್ನು ಕೀಳಾಗಿ ನೋಡುವವರಿದ್ದಾರೆ, ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಒಳಗಿನ ಶಟರ್ ಯಂತ್ರದ್ದೇ, 1/2000 ಸೆಕೆಂಡಿನ ವೇಗದವರೆಗೆ ಹೋಗುತ್ತದೆ, ಸೆಲ್ ಇಲ್ಲದೆಯೂ ನಡೆಯುತ್ತದೆ. ಜೊತೆಗೆ ಬರುವ 35-70 ಝೂಮ್ ಮಾತ್ರ ಮನೆಯೊಳಗೆ ಕಷ್ಟ. ಸಂಜೆ ಬೆಳಕಿನಲ್ಲಿ ಅಜ್ಜಿ ಹೂ ಕಟ್ಟುತ್ತಿದ್ದರೆ ಆ ಲೆನ್ಸಿಗೆ ಬೆಳಕು ಸಾಲುವುದಿಲ್ಲ. ಆರು ತಿಂಗಳು ಬಿಟ್ಟು ದುಡ್ಡು ಕೂಡಿದಾಗ ಹೆಚ್ಚು ಬೆಳಕು ಬಿಡುವ ಒಂದು 50 ಎಂಎಂ ಎಫ್1.8 ಲೆನ್ಸ್ ತಗೊಳ್ಳಿ. ನಿಕಾನ್‌ನಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ತೂತು) ಹಿಗ್ಗಿಸಿ ಕುಗ್ಗಿಸುವ ಬಳೆ ಇರುವ ಡಿ ಲೆನ್ಸನ್ನೇ ಕೇಳಿ. ಜಿ ಅಂತ ಬರೆದಿರುವ ಹೊಸ ಲೆನ್ಸುಗಳಿಗೆ ಆ ಬಳೆ ಇಲ್ಲ, ಎಫ್‌ಎಂ10ಗೆ ಸಿಕ್ಕಿಸಬಹುದು, ಆದರೆ ಅಪರ್ಚರ್ ಬದಲಾಯಿಸಲು ಆಗುವುದಿಲ್ಲ.

ಎಇ-1 ಪ್ರೋಗ್ರಾಂ 1981ರದ್ದು, ಚಂದದ ಕ್ಯಾಮೆರಾ. ಆದರೆ ಅದರ ಶಟರ್ ವಿದ್ಯುತ್ತಿನ ಮೇಲೆ ನಿಂತಿದೆ. 6 ವೋಲ್ಟಿನ ಸೆಲ್ ಇಲ್ಲದೆ ಏನೂ ನಡೆಯುವುದಿಲ್ಲ, ಒಳಗಿನ ಸರ್ಕ್ಯೂಟ್ ಹೋದರೆ ರಿಪೇರಿ ಸಿಗುವುದು ಕಷ್ಟ. ಶಟರ್ ಒತ್ತಿದಾಗ ಕೀಂಯ್ ಅಂತ ಸದ್ದು ಬಂದರೆ ಒಳಗಿನ ಎಣ್ಣೆ ಒಣಗಿದೆ ಅಂತ ಅರ್ಥ. ಹೆಸರು ಜಾಸ್ತಿ ಕೇಳಿ ಬರುವುದರಿಂದ ಬೆಲೆಯೂ ಜಾಸ್ತಿ. ಮೊದಲ ಕ್ಯಾಮೆರಾಗೆ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಮೂವತ್ತು ನಲವತ್ತು ವರ್ಷ ಹಳೆಯ ಯಂತ್ರದಲ್ಲಿ ಯಾವ ಕಂಪನಿ ಅನ್ನುವುದಕ್ಕಿಂತ ಈಗ ಹೇಗಿದೆ ಅನ್ನುವುದು ಮುಖ್ಯ. ಕೆಟ್ಟ ಎಫ್‌ಎಂ10ಗಿಂತ ಚೆನ್ನಾಗಿರುವ ಕೆ1000 ಎಷ್ಟೋ ವಾಸಿ. ಸಾಧ್ಯವಾದರೆ ಬಸ್ ಹತ್ತಿ ಹೋಗಿ ಕೈಯಲ್ಲಿ ಹಿಡಿದು ನೋಡಿ. ಹಿಂದಿನ ಬಾಗಿಲು ತೆರೆಯಿರಿ, ಅಪರ್ಚರ್ ಪೂರ್ತಿ ಬಿಚ್ಚಿ, ಲೆನ್ಸನ್ನು ಕಿಟಕಿಯ ಕಡೆ ಹಿಡಿದು, ಹಿಂದಿನಿಂದ ನೋಡುತ್ತಾ ಶಟರ್ ಹೊಡೆಯಿರಿ. ಒಂದು ಸೆಕೆಂಡಿನಿಂದ ಶುರು ಮಾಡಿ ಡಯಲಿನಲ್ಲಿರುವ ಪ್ರತಿ ವೇಗಕ್ಕೂ ಎರಡೆರಡು ಸಲ. ಒಂದು ಸೆಕೆಂಡ್ ಅಂದರೆ ಒಂದು ಸೆಕೆಂಡೇ ಇರಬೇಕು, ಮಧ್ಯದಲ್ಲಿ ತಡವರಿಸಿದರೆ ಸರ್ವೀಸ್ ಬೇಕು ಅಂತ ಅರ್ಥ. 1/1000ಕ್ಕೆ ಬಂದಾಗ ಇಡೀ ಚೌಕ ಬೆಳಗಬೇಕು, ಒಂದು ಪಕ್ಕ ಕಪ್ಪಾಗಿ ಉಳಿದರೆ ಬಿಟ್ಟು ಬನ್ನಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಮೊದಲ ಕ್ಯಾಮೆರಾ ಕೊಂಡಾಗ 1/60ರಲ್ಲಿ ಮಾತ್ರ ಹೊಡೆದು ನೋಡಿ ದುಡ್ಡು ಕೊಟ್ಟುಬಿಟ್ಟೆ. ಆಮೇಲೆ ಊರಿನ ತೇರಿಗೆ ಹೋದೆ. ಸುಡುಬಿಸಿಲು, ಎಲ್ಲ 1/1000ರಲ್ಲೇ ತೆಗೆದೆ. ತೊಳೆದು ಬಂದ ನೆಗೆಟಿವ್ ನೋಡಿದರೆ 22 ಫೋಟೋಗಳಲ್ಲಿ ಒಂದು ಪಕ್ಕ ಏನೂ ಇಲ್ಲ. ಆ ವರ್ಷ ತೇರೆಳೆದ ಹಿರಿಯರಲ್ಲಿ ಕೆಲವರು ಮುಂದಿನ ತೇರಿಗೆ ಇರಲಿಲ್ಲ. ಆ ಫೋಟೋಗಳು ಇವತ್ತಿಗೂ ನನ್ನನ್ನು ಕಾಡುತ್ತವೆ.

ಬಾಗಿಲಿನ ಅಂಚಿನಲ್ಲಿ ಕಪ್ಪು ಫೋಮ್ ಇರುತ್ತದೆ, ಅದನ್ನು ಬೆರಳಿನಿಂದ ಮುಟ್ಟಿ. ಅಂಟಂಟಾಗಿದ್ದರೆ ಅಥವಾ ಪುಡಿಯಾಗಿದ್ದರೆ ಬೆಳಕು ಸೋರುತ್ತದೆ. ಅದಕ್ಕೆ ಹೆದರಬೇಡಿ, ಹೊಸ ಫೋಮ್ ಹಾಕುವುದು ಸುಲಭ, ಬೆಲೆ ಇಳಿಸಲು ಅದನ್ನೇ ಮುಂದಿಡಿ. ಸೆಲ್ ಹಾಕುವ ಗೂಡಿನಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಸ್ವಲ್ಪವೇ ಇದ್ದರೆ ವಿನೆಗರ್ ತಾಗಿಸಿದ ಹತ್ತಿಯಿಂದ ಹೋಗುತ್ತದೆ, ತಂತಿಯೇ ಕೊರೆದು ಹೋಗಿದ್ದರೆ ಹೋಗುವುದಿಲ್ಲ. ಮೀಟರ್ ಸರಿ ಇದೆಯಾ ಅಂತ ನೋಡಲು ಫೋನಿನಲ್ಲಿ ಒಂದು ಲೈಟ್ ಮೀಟರ್ ಆ್ಯಪ್ ಹಾಕಿಕೊಂಡು ಹೋಗಿ, ಒಂದೇ ಗೋಡೆಗೆ ಎರಡನ್ನೂ ಹಿಡಿದು ಹೋಲಿಸಿ. ಹೊಸ ಸೆಲ್ ನೀವೇ ತಗೊಂಡು ಹೋಗಿ, ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. "ಸೆಲ್ ಇಲ್ಲ, ಇದ್ದಿದ್ದರೆ ಓಡುತ್ತೆ" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಅಪ್ಪ ತೀರಿಕೊಂಡು ಹತ್ತು ವರ್ಷವಾಯಿತು. ಮೊನ್ನೆ ಬೀರು ತೆಗೆದಾಗ ಅವರ ಯಾಶಿಕಾ ಎಲೆಕ್ಟ್ರೋ 35 ಸಿಕ್ಕಿತು. ಒಳಗೆ ರೋಲ್ ಇರಬಹುದು ಅಂತ ಅಮ್ಮ ಹೇಳುತ್ತಾರೆ. ಇದನ್ನೇ ಬಳಸಿ ಕಲಿಯಬಹುದಾ, ಅಥವಾ ಬೇರೆ ಕ್ಯಾಮೆರಾ ತಗೊಳ್ಳಬೇಕಾ?
— ಓದುಗರೊಬ್ಬರು, ಸಾಗರ

ಉತ್ತರ: ದಯವಿಟ್ಟು ಹಿಂದಿನ ಬಾಗಿಲು ತೆರೆಯಬೇಡಿ. ಈ ಪತ್ರ ಓದಿದ ತಕ್ಷಣ ನನಗೆ ಬಂದ ಮೊದಲ ಯೋಚನೆ ಅದೇ. ಎಡಗಡೆ ಮೇಲಿರುವ, ರೋಲನ್ನು ಹಿಂದಕ್ಕೆ ಸುತ್ತುವ ರಿವೈಂಡ್ ಗುಬ್ಬಿಯ ಸಣ್ಣ ಹಿಡಿ ಬಿಡಿಸಿ, ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಸುಮ್ಮನೆ ತಿರುಗುತ್ತಾ ಹೋದರೆ ಒಳಗೆ ರೋಲ್ ಇಲ್ಲ. ಒಂದಿಷ್ಟು ತಿರುಗಿ ಬಿಗಿಯಾದರೆ ಇದೆ. ಇದ್ದರೆ ಕ್ಯಾಮೆರಾದ ತಳದಲ್ಲಿರುವ ಸಣ್ಣ ಗುಂಡಿ ಒತ್ತಿ, ನಿಧಾನವಾಗಿ ಸುತ್ತುತ್ತಾ ಬನ್ನಿ. ಅವಸರ ಬೇಡ, ಇಷ್ಟು ವರ್ಷದ ಫಿಲ್ಮ್ ಒಣಗಿ ಗಡುಸಾಗಿರುತ್ತದೆ, ಎಳೆದರೆ ಹರಿಯಬಹುದು. ಬಿಗಿ ತಪ್ಪಿ ಗುಬ್ಬಿ ಹಗುರವಾದಾಗ ರೋಲ್ ಡಬ್ಬಿಯೊಳಗೆ ಸೇರಿದೆ ಅಂತ ಅರ್ಥ. ಆಗಲೂ ಹಗಲಲ್ಲಿ ತೆರೆಯಬೇಡಿ, ರಾತ್ರಿ ಲೈಟ್ ಆರಿಸಿ ರಗ್ಗಿನ ಒಳಗೆ ಕೈ ಇಟ್ಟು ತೆರೆಯಿರಿ.

ಆ ರೋಲನ್ನು ಲ್ಯಾಬಿಗೆ ಕೊಡುವಾಗ ಸುಮಾರು ಎಷ್ಟು ಹಳೆಯದು ಅಂತ ಬರೆದು ಕೊಡಿ. ಕಲರ್ ರೋಲಾಗಿದ್ದರೂ ಹಳತಾದ ಮೇಲೆ ಬಣ್ಣ ಕೆಟ್ಟಿರುತ್ತದೆ, ಅಂಥದ್ದನ್ನು ಕಪ್ಪು-ಬಿಳುಪಿನ ರಸಾಯನದಲ್ಲಿ ತೊಳೆದರೆ ಆಕಾರವಾದರೂ ಉಳಿಯುವ ಸಾಧ್ಯತೆ ಜಾಸ್ತಿ. ಏನೂ ಬಾರದೆಯೂ ಇರಬಹುದು. ಅಮ್ಮನಿಗೆ ಮೊದಲೇ ಹಾಗೆ ಹೇಳಿಡಿ.

ಇನ್ನು ಕ್ಯಾಮೆರಾ. ಎಲೆಕ್ಟ್ರೋ 35 ಮೊದಲು ಬಂದಿದ್ದು 1966ರಲ್ಲಿ. ಅದರ 45 ಎಂಎಂ ಎಫ್1.7 ಲೆನ್ಸ್ ಇವತ್ತಿಗೂ ತುಂಬಾ ಒಳ್ಳೆಯದು, ಮನೆಯೊಳಗಿನ ಬೆಳಕಿಗೂ ಸಾಕು. ನೀವು ಅಪರ್ಚರ್ ಇಟ್ಟರೆ ಶಟರ್ ವೇಗ ಅದೇ ಹುಡುಕಿಕೊಳ್ಳುತ್ತದೆ. ಅದಕ್ಕೆ ಸೆಲ್ ಬೇಕೇ ಬೇಕು, ಸೆಲ್ ಇಲ್ಲದಿದ್ದರೆ ಎಲ್ಲವನ್ನೂ 1/500ರಲ್ಲಿ ಹೊಡೆಯುತ್ತದೆ. ಮೂಲದಲ್ಲಿ ಪಾದರಸದ 5.6 ವೋಲ್ಟಿನ ಸೆಲ್ ಬರುತ್ತಿತ್ತು, ಅದು ಈಗ ಇಲ್ಲ. ಅದರ ಬದಲು 6 ವೋಲ್ಟಿನ 4ಎಲ್‌ಆರ್44 ಸೆಲ್ಲನ್ನು ಒಂದು ಅಡಾಪ್ಟರ್‌ನಲ್ಲಿ ಇಟ್ಟು ಹಾಕಬಹುದು, ಆ ಸಣ್ಣ ವ್ಯತ್ಯಾಸವನ್ನು ಈ ಕ್ಯಾಮೆರಾ ಸಹಿಸಿಕೊಳ್ಳುತ್ತದೆ. ಸೆಲ್ ಹಾಕಿ, ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆಯಿರಿ. ಎಳೆಯುವಾಗ ಒಳಗಿನಿಂದ ಟಕ್ ಅಂತ ಒಂದು ಸದ್ದು ಕೇಳಬೇಕು. ಕೇಳದಿದ್ದರೆ ಒಳಗಿರುವ ಒಂದು ಸಣ್ಣ ರಬ್ಬರ್ ತುಂಡು ಪುಡಿಯಾಗಿರುವ ಸಾಧ್ಯತೆ ಹೆಚ್ಚು. ಈ ಮಾದರಿಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ತೊಂದರೆ. ಬಿಚ್ಚಿ ಹೊಸ ರಬ್ಬರ್ ಹಾಕಿದರೆ ಸರಿಹೋಗುತ್ತದೆ, ಹಳೆಯ ಕ್ಯಾಮೆರಾ ರಿಪೇರಿ ಮಾಡುವವರಿಗೆ ಹೇಳಿದರೆ ತಿಳಿಯುತ್ತದೆ.

ಬೇರೆ ಕ್ಯಾಮೆರಾ ಬೇಡ. ರಿಪೇರಿಗೆ ಒಂದಿಷ್ಟು ಖರ್ಚಾದರೂ ಇದನ್ನೇ ಬಳಸಿ. ನಿಮ್ಮ ಅಪ್ಪ ನಿಮ್ಮನ್ನು ನೋಡಿದ ಕಿಂಡಿ ಅದು. ಆ ಕಿಂಡಿಯಿಂದ ಅಮ್ಮನ ಒಂದು ಫೋಟೋ ತೆಗೆಯಿರಿ.

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ ಡಿಎಸ್ಎಲ್ಆರ್ ಮತ್ತು 50 ಎಂಎಂ ಲೆನ್ಸ್ ಇದೆ. ಅತಿ ಕಡಿಮೆ ಖರ್ಚಿನಲ್ಲಿ ರೋಲ್ ಕ್ಯಾಮೆರಾ ಶುರು ಮಾಡುವುದು ಹೇಗೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಲೆನ್ಸಿನ ಮೇಲೆ ಇಎಫ್ ಅಂತ ಬರೆದಿದ್ದರೆ ನಿಮಗೆ ಅರ್ಧ ಕೆಲಸ ಆಗಿದೆ. ಕ್ಯಾನನ್ 1987ರಲ್ಲಿ ಶುರು ಮಾಡಿದ ಇಒಎಸ್ ಸರಣಿಯ ರೋಲ್ ಕ್ಯಾಮೆರಾಗಳಿಗೆ ಅದೇ ಲೆನ್ಸ್ ಕೂರುತ್ತದೆ, ಆಟೋಫೋಕಸ್ ಕೂಡ ನಡೆಯುತ್ತದೆ. ಇಎಫ್-ಎಸ್ ಲೆನ್ಸ್ ಮಾತ್ರ ಕೂರುವುದಿಲ್ಲ. ಇಒಎಸ್ 300ರಂಥ ಪ್ಲಾಸ್ಟಿಕ್ ಬಾಡಿಗಳನ್ನು ಈಗ ಯಾರೂ ಹುಡುಕಿಕೊಂಡು ಹೋಗುವುದಿಲ್ಲ, ಅದಕ್ಕೇ ಅಗ್ಗ. ನೋಡಲು ಹಳೆಕಾಲದ ಅಂದ ಇಲ್ಲ, ಫೋಟೋ ಮಾತ್ರ ಅಷ್ಟೇ ಚೆನ್ನಾಗಿ ಬರುತ್ತದೆ. ಸಿಆರ್2 ಸೆಲ್ ಎರಡು ಬೇಕು, ಅದು ಸ್ವಲ್ಪ ದುಬಾರಿ, ಅದನ್ನೂ ಲೆಕ್ಕಕ್ಕೆ ಸೇರಿಸಿ. ನಿಕಾನ್ ಇರುವವರೂ ಹೀಗೇ ಕೇಳಿದ್ದಾರೆ. ನಿಮಗೆ ಎಫ್80 ಚೆನ್ನಾಗಿರುತ್ತದೆ, ಅದು ಬಳೆ ಇಲ್ಲದ ಜಿ ಲೆನ್ಸುಗಳನ್ನೂ ನಡೆಸುತ್ತದೆ. ಅದರ ಹಿಂಬದಿಯ ರಬ್ಬರ್ ಅಂಟಂಟಾಗುವುದುಂಟು, ಸ್ಪಿರಿಟ್‌ನಲ್ಲಿ ಒರೆಸಿದರೆ ಹೋಗುತ್ತದೆ.

ಪ್ರಶ್ನೆ: ಕಡಲ ತೀರದ ಊರು ನಮ್ಮದು. ಹಳೆಯ ಲೆನ್ಸ್ ತಗೊಂಡರೆ ಫಂಗಸ್ ಬರುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ. ಇರುವ ಲೆನ್ಸ್ ಒಂದರಲ್ಲಿ ಈಗಾಗಲೇ ಜೇಡರ ಬಲೆಯ ಹಾಗೆ ಏನೋ ಕಾಣುತ್ತಿದೆ.
— ಓದುಗರೊಬ್ಬರು, ಮಂಗಳೂರು

ಉತ್ತರ: ಆ ಬಲೆಯೇ ಫಂಗಸ್, ನಮ್ಮ ಮಾತಿನಲ್ಲಿ ಬೂಷ್ಟು. ಉಪ್ಪಿನಕಾಯಿ ಭರಣಿಗೆ, ಚಪ್ಪಲಿಗೆ, ಮದುವೆ ಆಲ್ಬಂಗೆ ಮಳೆಗಾಲದಲ್ಲಿ ಹಿಡಿಯುವಂಥದ್ದೇ ಗಾಜಿಗೂ ಹಿಡಿಯುತ್ತದೆ. ಕೊಳ್ಳುವಾಗ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಂದಿಷ್ಟು ಧೂಳು ಎಲ್ಲ ಹಳೆಯ ಲೆನ್ಸಿನಲ್ಲೂ ಇರುತ್ತದೆ, ಅದರಿಂದ ಏನೂ ಆಗುವುದಿಲ್ಲ. ಬೇರಿನಂತೆ ಹರಡಿದ ಗೆರೆ ಅಥವಾ ಗಾಜಿನ ಮೇಲೆ ಉಸಿರು ಬಿಟ್ಟಂಥ ಮಂಜು ಕಂಡರೆ ಆ ಲೆನ್ಸ್ ಬೇಡ. ಅಂಚಿನಲ್ಲಿ ಒಂದೆರಡು ಎಳೆ ಇದ್ದು ಬೆಲೆ ತುಂಬಾ ಕಮ್ಮಿ ಇದ್ದರೆ ಯೋಚಿಸಬಹುದು. ಬಿಚ್ಚಿ ಒರೆಸಬಹುದು, ಆದರೆ ತುಂಬಾ ದಿನ ಬಿಟ್ಟರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದಿರುತ್ತದೆ, ಆಗ ಒರೆಸಿದರೂ ಗುರುತು ಉಳಿಯುತ್ತದೆ.

ನಿಮ್ಮ ಲೆನ್ಸನ್ನು ಬೇಗ ಸ್ವಚ್ಛ ಮಾಡಿಸಿ, ಅಲ್ಲಿವರೆಗೆ ಬೇರೆಯವುಗಳ ಜೊತೆ ಇಡಬೇಡಿ. ಚರ್ಮದ ಕೇಸ್ ಬೇಡವೇ ಬೇಡ, ಅದು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ತಂದು ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಅಂತ ಅರ್ಥ. ಹಳೆಯ ಬಾಣಲೆಯೊಂದನ್ನು ಇದಕ್ಕೇ ಮೀಸಲಿಟ್ಟು, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಡಬ್ಬಿಯೊಳಗೆ ತೇವ ಅಳೆಯುವ ಸಣ್ಣ ಮೀಟರ್ ಇಟ್ಟರೆ ಇನ್ನೂ ಒಳ್ಳೆಯದು, ಶೇಕಡ 40ರಿಂದ 50ರೊಳಗೆ ಇರಲಿ. ನುಸಿಗುಳಿಗೆ ಹಾಕಬೇಡಿ. ಎಲ್ಲಕ್ಕಿಂತ ದೊಡ್ಡ ಔಷಧಿ ಅಂದರೆ ಬಳಸುವುದು. ಬಿಸಿಲು, ಗಾಳಿ ಕಾಣುವ ಲೆನ್ಸಿಗೆ ಬೂಷ್ಟು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ.

ಪ್ರಶ್ನೆ: 3,000 ರೂಪಾಯಿಗೆ ರಷ್ಯದ ಝೆನಿಟ್-ಇ ಸಿಗುತ್ತಿದೆ, ಹೀಲಿಯೋಸ್ ಲೆನ್ಸ್ ಜೊತೆ. ಇಷ್ಟು ಅಗ್ಗಕ್ಕೆ ಸಿಕ್ಕರೆ ಬಿಡಬಹುದಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಶಟರ್ ಸರಿ ಇದ್ದರೆ ಬಿಡಬೇಡಿ, ಆದರೆ ಏನು ತಗೊಳ್ಳುತ್ತಿದ್ದೀರಿ ಅಂತ ತಿಳಿದುಕೊಂಡು ತಗೊಳ್ಳಿ. ಇದು ಕಬ್ಬಿಣದ ಕಡಲೆ. ಶಟರ್ ವೇಗ 1/30ರಿಂದ 1/500ರವರೆಗೆ ಮಾತ್ರ. ಲೈಟ್ ಮೀಟರ್ ಸೆಲಿನಿಯಂನದ್ದು, ಸೆಲ್ ಬೇಡ, ಆದರೆ ವಯಸ್ಸಾದಂತೆ ಅದು ಮಂಕಾಗುತ್ತದೆ. ಮುಳ್ಳು ಅಲುಗಾಡಿದರೂ ನಂಬಬೇಡಿ. ಫೋಕಸ್ ಮಾಡಲು ಅಪರ್ಚರ್ ತೆರೆಯಬೇಕು, ಹೊಡೆಯುವ ಮೊದಲು ನೀವೇ ಬಳೆ ತಿರುಗಿಸಿ ಮುಚ್ಚಬೇಕು, ಆಗ ಕಿಂಡಿಯಲ್ಲಿ ಕತ್ತಲಾಗುತ್ತದೆ. ಓಡಾಡುವ ಮಕ್ಕಳ ಫೋಟೋಗೆ ಇದು ಕಷ್ಟ. ನಿಂತು ನೋಡುವಂಥದ್ದಕ್ಕೆ, ಮರ, ಮನೆ, ಕೂತು ಮಾತಾಡುವ ಅಜ್ಜನ ಮುಖ, ಇಂಥದ್ದಕ್ಕೆ ತುಂಬಾ ಚೆನ್ನ. ಹೀಲಿಯೋಸ್ 44-2 ಲೆನ್ಸ್ 58 ಎಂಎಂ ಎಫ್2, ಹಿಂದಿನ ಎಲೆಗಳ ಬೆಳಕನ್ನು ಸುಳಿಯಂತೆ ಸುತ್ತಿಸುತ್ತದೆ. ಅದೊಂದಕ್ಕೇ ಇದನ್ನು ಹುಡುಕುವವರಿದ್ದಾರೆ. ಶಟರ್ ಬಟ್ಟೆಯದ್ದು, ಅದಕ್ಕೇ ಲೆನ್ಸ್ ತೆಗೆದು, ಹಿಂದಿನ ಬಾಗಿಲು ತೆರೆದು, ಬಲ್ಬಿನ ಎದುರು ಹಿಡಿದು ಸಣ್ಣ ತೂತು ಇದೆಯಾ ನೋಡಿ. 3,000 ಕೊಟ್ಟರೆ ಉಳಿದ ದುಡ್ಡೆಲ್ಲ ರೋಲಿಗೆ, ಅದು ನನಗೆ ತುಂಬಾ ಇಷ್ಟವಾದ ವಿಷಯ.

ಪ್ರಶ್ನೆ: ಶುರುವಿಗೆ ಯಾವ ರೋಲ್ ಒಳ್ಳೆಯದು? ಸಿನಿಮಾ ಫಿಲ್ಮ್ ಸುತ್ತಿದ ರೋಲ್ ಅಗ್ಗಕ್ಕೆ ಸಿಗುತ್ತದೆ, ಅವಧಿ ಮುಗಿದ ರೋಲೂ ಸಿಗುತ್ತದೆ. ತಗೊಳ್ಳಬಹುದಾ?
— ಓದುಗರೊಬ್ಬರು, ಮೈಸೂರು

ಉತ್ತರ: ಅವಧಿ ಮುಗಿದದ್ದು ಈಗ ಬೇಡ. ಫೋಟೋ ಕೆಟ್ಟರೆ ತಪ್ಪು ನಿಮ್ಮದಾ, ಕ್ಯಾಮೆರಾದ್ದಾ, ರೋಲಿನದ್ದಾ ಅಂತ ಗೊತ್ತಾಗುವುದಿಲ್ಲ. ಕಲರ್ ಬೇಕಾದರೆ ಕೊಡ್ಯಾಕ್‌ನ ಕಲರ್‌ಪ್ಲಸ್ 200 ಅಥವಾ ಗೋಲ್ಡ್ 200 ಸಾಕು, ನಮ್ಮ ಬಿಸಿಲಿಗೆ 200 ಸರಿಯಾಗಿ ಹೊಂದುತ್ತದೆ (ರೋಲು ಬೆಳಕಿಗೆ ಎಷ್ಟು ಚುರುಕು ಅಂತ ಹೇಳುವ ಸಂಖ್ಯೆ ಅದು). ನನ್ನನ್ನು ಕೇಳಿದರೆ ಕಪ್ಪು-ಬಿಳುಪಿನಿಂದ ಶುರು ಮಾಡಿ. ಕೆಂಟ್‌ಮಿಯರ್ 400, ಫೋಮಾಪ್ಯಾನ್ 100 ಅಥವಾ 400, ಸ್ವಲ್ಪ ಜಾಸ್ತಿ ಕೊಡಬಹುದಾದರೆ ಇಲ್‌ಫರ್ಡ್ ಎಚ್‌ಪಿ5. ನಿಮ್ಮೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಫೋಟೋಗಳನ್ನು ಹುಡುಕಿ ನೋಡಿ. ಸಾಮಾನ್ಯ ಜನರ ದಿನದ ಬದುಕು, ಬೇರೇನೂ ಇಲ್ಲ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಣ್ಣ ಇಲ್ಲದಿದ್ದಾಗ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ಅವನ್ನು ನೋಡಿದರೆ ತಿಳಿಯುತ್ತದೆ.

ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯಬಹುದು, ಅಲ್ಲಿಂದ ಖರ್ಚು ಇಳಿಯುತ್ತದೆ. ಒಂದು ಡೆವಲಪಿಂಗ್ ಟ್ಯಾಂಕ್, ಬೆಳಕು ನುಗ್ಗದ ಕಪ್ಪು ಚೀಲ, ಚಿತ್ರ ಮೂಡಿಸುವ ಡಿ-76 ರಸಾಯನ, ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೋ. ಎಚ್‌ಪಿ5 ಅನ್ನು ಕರಗಿಸಿದ ಮೇಲೆ ಮತ್ತೆ ನೀರು ಬೆರೆಸದ ಡಿ-76ರಲ್ಲಿ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ತೊಳೆಯಬೇಕು. ನಮ್ಮ ನಲ್ಲಿ ನೀರು ಅದಕ್ಕಿಂತ ಬೆಚ್ಚಗಿರುತ್ತದೆ, ಹಾಗಾಗಿ ಥರ್ಮಾಮೀಟರ್ ಇಟ್ಟುಕೊಂಡು ಐಸ್ ಬಟ್ಟಲಲ್ಲಿ ತಣಿಸಿ. ಕಲರ್ ತೊಳೆಯುವುದು 38 ಡಿಗ್ರಿಯಲ್ಲಿ, ಅದರಲ್ಲಿ ಶಾಖ ಸ್ವಲ್ಪವೂ ಆಚೀಚೆ ಆಗಬಾರದು, ಅದನ್ನು ಸದ್ಯ ಲ್ಯಾಬಿಗೇ ಬಿಡಿ.

ಸಿನಿಮಾ ಫಿಲ್ಮಿನ ವಿಷಯ ಜೋಪಾನ. ಅದರ ಹಿಂಬದಿಗೆ ಇದ್ದಿಲಿನಂಥ ಕಪ್ಪು ಪದರ ಇರಬಹುದು. ಮಾಮೂಲಿ ಕಲರ್ ಮಷಿನ್ನಿಗೆ ಹಾಕಿದರೆ ಆ ಕಪ್ಪು ಕಳಚಿ ರಸಾಯನವನ್ನೂ ಬೇರೆಯವರ ರೋಲನ್ನೂ ಹಾಳು ಮಾಡುತ್ತದೆ. ಪದರ ತೆಗೆದು ತೊಳೆಯುವ ಲ್ಯಾಬ್ ಇದ್ದರೆ ಮಾತ್ರ ತಗೊಳ್ಳಿ, ಕೊಡುವಾಗ ಬಾಯಿಬಿಟ್ಟು ಹೇಳಿ.

ರೋಲಿಗೆ ಯಾಕಿಷ್ಟು ಬೆಲೆ ಅಂತಲೂ ಕೇಳಿದ್ದೀರಿ. ಕೊಡ್ಯಾಕ್ ಅಮೆರಿಕದ ರಾಚೆಸ್ಟರ್‌ನಿಂದ, ಇಲ್‌ಫರ್ಡ್ ಮತ್ತು ಕೆಂಟ್‌ಮಿಯರ್ ಇಂಗ್ಲೆಂಡಿನಿಂದ, ಫೋಮಾ ಜೆಕ್ ದೇಶದಿಂದ ಬರಬೇಕು. ಒಂದು ಕಾಲದಲ್ಲಿ ಹಾಗಿರಲಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ, ಊಟಿಯಲ್ಲಿ, 1960ರಲ್ಲಿ ಸರ್ಕಾರ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿ ಶುರು ಮಾಡಿತು. ಇಂದು ಅನ್ನುವ ಹೆಸರಿನ ಕಪ್ಪು-ಬಿಳುಪು ರೋಲ್ ಅಲ್ಲಿಂದ ಬರುತ್ತಿತ್ತು. ಆ ಕಾರ್ಖಾನೆ ಮುಚ್ಚಿಹೋಯಿತು. ಊಟಿಗೆ ಹೋದಾಗೆಲ್ಲ ನನಗೆ ಅದು ನೆನಪಾಗಿ ಬೇಜಾರಾಗುತ್ತದೆ.

ಪ್ರಶ್ನೆ: ರಜೆಗೆ ಊರಿಗೆ ಬರುವಾಗ ಕ್ಯಾಮೆರಾ, ರೋಲ್ ತರುತ್ತೇನೆ. ವಿಮಾನ ನಿಲ್ದಾಣದ ಎಕ್ಸ್‌ರೇಯಿಂದ ರೋಲ್ ಹಾಳಾಗುತ್ತದಾ?
— ಓದುಗರೊಬ್ಬರು, ಮಸ್ಕತ್

ಉತ್ತರ: ಚೆಕ್-ಇನ್ ಸೂಟ್‌ಕೇಸಿನಲ್ಲಿ ಎಂದೂ ಹಾಕಬೇಡಿ, ಅಲ್ಲಿನ ಎಕ್ಸ್‌ರೇ ಜೋರು. ಕೈಚೀಲದಲ್ಲಿಟ್ಟು, ರೋಲುಗಳನ್ನು ಒಂದು ಪಾರದರ್ಶಕ ಕವರಿಗೆ ಹಾಕಿ, ಕೈಯಲ್ಲೇ ನೋಡಿ ಅಂತ ವಿನಯವಾಗಿ ಕೇಳಿ. ಹಳೆಯ ಮಷಿನ್ ಆದರೆ 400ರವರೆಗಿನ ರೋಲಿಗೆ ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ. ಆಸ್ಪತ್ರೆಯ ಸಿಟಿ ಸ್ಕ್ಯಾನಿನಂಥ ಹೊಸ ಮಷಿನ್ ಆದರೆ ಒಂದೇ ಸಲಕ್ಕೆ ಮಸುಕಾಗಬಹುದು.

ಪ್ರಶ್ನೆ: ನನಗೆ ಸಿಕ್ಕ ಕ್ಯಾಮೆರಾದಲ್ಲಿ ಎಲ್ಲ ಸರಿ ಇದೆ, ಮೀಟರ್ ಮಾತ್ರ ಸತ್ತಿದೆ. ವಾಪಸ್ ಕೊಡಲಾ? ಇಟ್ಟುಕೊಂಡರೆ ಮೊದಲ ರೋಲನ್ನು ಹೇಗೆ ಬಳಸಲಿ?
— ಓದುಗರೊಬ್ಬರು, ಹಾಸನ

ಉತ್ತರ: ಬೆಲೆ ಇಳಿಸಿಕೊಟ್ಟಿದ್ದರೆ ಇಟ್ಟುಕೊಳ್ಳಿ. ಮೀಟರ್ ಇಲ್ಲದೆಯೂ ದಾರಿ ಇದೆ. ಸ್ವಚ್ಛ ಬಿಸಿಲಿನಲ್ಲಿ ಅಪರ್ಚರ್ ಎಫ್16 ಇಡಿ, ಶಟರನ್ನು ರೋಲಿನ ಸಂಖ್ಯೆಗೆ ಹತ್ತಿರ ಇಡಿ. ಅಂದರೆ 200ರ ರೋಲಿಗೆ 1/250. ತೆಳು ಮೋಡ ಬಂದರೆ ಎಫ್11, ಮೋಡ ಮುಚ್ಚಿದರೆ ಎಫ್8, ಮರದ ನೆರಳಿಗೆ ಹೋದರೆ ಎಫ್5.6 ಅಥವಾ ಎಫ್4. ಮನೆಯೊಳಗೆ ಫೋನಿನ ಆ್ಯಪ್ ನೋಡಿ. ಅನುಮಾನ ಬಂದರೆ ಕಲರ್ ಮತ್ತು ಕಪ್ಪು-ಬಿಳುಪು ನೆಗೆಟಿವ್‌ಗೆ ಸ್ವಲ್ಪ ಜಾಸ್ತಿ ಬೆಳಕೇ ಕೊಡಿ. ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ನೆರಳಿನಲ್ಲಿದ್ದದ್ದು ಮತ್ತೆ ಬರುವುದಿಲ್ಲ.

ಮೊದಲ ರೋಲಿಗೆ ಒಂದು ಸಣ್ಣ ಪುಸ್ತಕ ಜೇಬಿನಲ್ಲಿರಲಿ. ಪ್ರತಿ ಫೋಟೋಗೂ ಸಂಖ್ಯೆ, ಅಪರ್ಚರ್, ಶಟರ್, ಬಿಸಿಲೋ ಮೋಡವೋ, ಇಷ್ಟು ಬರೆಯಿರಿ. ನೆಗೆಟಿವ್ ಬಂದ ದಿನ ಪಕ್ಕದಲ್ಲಿಟ್ಟುಕೊಂಡು ನೋಡಿ. ಮನೆಯವರನ್ನೇ ತೆಗೆಯಿರಿ, ಬೆಳಗ್ಗೆ ಏಳರ ಬೆಳಕಲ್ಲಿ, ಜಗಲಿಯಲ್ಲಿ.

ಇನ್ನೊಂದು. ರೋಲ್ ಹಾಕಿ ಬಾಗಿಲು ಮುಚ್ಚಿದ ಮೇಲೆ ರಿವೈಂಡ್ ಗುಬ್ಬಿಯನ್ನು ಸ್ವಲ್ಪ ತಿರುಗಿಸಿ ಸಡಿಲ ತೆಗೆಯಿರಿ, ಆಮೇಲೆ ಲಿವರ್ ಎಳೆಯಿರಿ. ಎಳೆದಾಗ ಆ ಗುಬ್ಬಿ ತಾನೇ ಹಿಂದಕ್ಕೆ ತಿರುಗಬೇಕು. ತಿರುಗದಿದ್ದರೆ ಫಿಲ್ಮಿನ ತುದಿ ಹಿಡಿದಿಲ್ಲ, ನೀವು 36 ಸಲ ಹೊಡೆದರೂ ಒಳಗೆ ಒಂದೂ ಬೀಳುವುದಿಲ್ಲ. ಬಾಗಿಲು ತೆರೆದು ಇನ್ನೊಮ್ಮೆ ಹಾಕಿ.